ಅಕ್ಷರ ಸಣ್ಣದಾಗ್ತಾ ಇದೆ

ಜೂನ್ 3, ಸೋಮವಾರ. ಮಧ್ಯಾಹ್ನ, ಅಂಗಡಿ ಹಿಂದಿನ ಸ್ಟೋರ್ ರೂಮು

ಹೊಸ ಗೇಟ್‌ಮನೆ ಓಪನ್ ಆಯ್ತು. ಬೆಳಿಗ್ಗೆ ಬಸ್ಸಲ್ಲಿ ನಿಂತ್ಕೊಂಡೇ ಬಟನ್ ಒತ್ತಿದೆ. ಆಮೇಲೆ ಫೋನಿಂದ ಕಣ್ಣೇ ತೆಗೀಲಿಲ್ಲ. ಪಕ್ಕದಲ್ಲಿದ್ದ ಆಂಟಿ ಏನಮ್ಮಾ ರಿಸಲ್ಟಾ ಅಂತ ಕೇಳಿದ್ರು, ಹೂಂ ಅಂದೆ. ಒಂಥರಾ ರಿಸಲ್ಟೇ ಅಲ್ವಾ.

ಮುಂದೆ ಯಾವತ್ತೋ ತೆಗೆದು ಓದ್ದಾಗ ನನಗೇ ಮರೆತು ಹೋಗಿರುತ್ತೆ, ಅದಕ್ಕೆ ಎಲ್ಲಾ ಸರಿಯಾಗಿ ಬರೆದಿಡ್ತೀನಿ. 'ಹದಿಮೂರನೇ ಗೇಟು' ಅಂದ್ರೆ ಶುಕ್ರವಾರ ಶುಕ್ರವಾರ ಬರೋ, ಕಿವಿಯಲ್ಲಿ ಕೇಳೋ ಧಾರಾವಾಹಿ. ರೈಲ್ವೆ ಗೇಟ್ ಕಾಯೋ ಒಬ್ಬ ಮುದುಕ, ಟೈಮ್ ಟೇಬಲ್ಲಿನಲ್ಲೇ ಇಲ್ಲದ ಒಂದು ರೈಲು. ನನಗೆ ಅದರ ಹುಚ್ಚು. ನನ್ನಂಥ ಹುಚ್ಚರು ಸೇರೋ ಸೈಟು ಗೇಟ್‌ಮನೆ. ಕಂತು ಓಡ್ತಿರೋವಾಗ ಅದರ ಮಾತುಗಳೂ ತೆರೆ ಮೇಲೆ ಓಡುತ್ತೆ, ಓದ್ಕೊಂಡು ಕೇಳಬಹುದು. ಅದನ್ನ ಶುರು ಮಾಡಿದ್ದು ಹೆಡ್‌ಮೇಷ್ಟ್ರು. ನಿಜವಾಗ್ಲೂ ಮೇಷ್ಟ್ರೋ ಅಲ್ವೋ ಗೊತ್ತಿಲ್ಲ, ಕಾಗುಣಿತ ತಪ್ಪಿದ್ರೆ ಬೈತಾರೆ ಅಂತ ಆ ಹೆಸರು. ಕೋಡ್ ಬರೆಯೋದು ನಾನು, ಅಲ್ಲಿ ನನ್ನ ಅಡ್ಡಹೆಸರು ಜೀರುಂಡೆ. ಯಾವ ಕಾಲೇಜಲ್ಲೂ ಕಲಿತಿದ್ದಲ್ಲ, ಚಾಟ್ ಗ್ರೂಪುಗಳಲ್ಲಿ ದೊಡ್ಡೋರ ಹತ್ರ ಬೈಸ್ಕೊಂಡು ಬೈಸ್ಕೊಂಡು ಕಲಿತಿದ್ದು. ಹೊಟ್ಟೆಪಾಡಿಗೆ ಈ ಕನ್ನಡಕದ ಅಂಗಡಿ.

ಇಷ್ಟು ದಿನ ಯಾರು ಎಲ್ಲಿವರೆಗೆ ಕೇಳಿದ್ರು, ಅಕ್ಷರ ದೊಡ್ಡದಾ ಸಣ್ಣದಾ, ಬಣ್ಣ ಯಾವುದು, ಎಲ್ಲಾ ಅವರವರ ಬ್ರೌಸರ್ ಒಳಗೇ ಕೂತಿರ್ತಿತ್ತು. ಫೋನ್ ಬದಲಾಯಿಸಿದ್ರೆ ಎಲ್ಲಾ ಗೋವಿಂದ. ಹೋದ ತಿಂಗಳು ಒಬ್ಬಳು ನಲವತ್ತು ಕಂತಿನ ಗುರುತು ಕಳ್ಕೊಂಡು ಗ್ರೂಪಲ್ಲೇ ಅತ್ತಳು. ಅವತ್ತೇ ಪಣ ತೊಟ್ಟೆ. ಈಗ ಎಲ್ಲಾ ನಮ್ಮ ಸರ್ವರಲ್ಲಿ, ಅವರವರ ಖಾತೆಯಲ್ಲಿ. ಖಾತೆ ಮೊದಲೂ ಇತ್ತು, ಬರೀ ಹೆಸರಿಗೆ. ಯಾವ ಫೋನಿಂದ ಬನ್ನಿ, ಯಾವ ಕಂಪ್ಯೂಟರಿಂದ ಬನ್ನಿ, ಗೇಟ್‌ಮನೆ ನಿಮ್ಮನ್ನ ಮರೆಯಲ್ಲ. ಹಿಂದೆ ಯಾವತ್ತೋ ಒಂದು ಸಲ ಲಾಗಿನ್ ಆಗಿದ್ರೂ ಸಾಕು, ಮತ್ತೆ ಪಾಸ್‌ವರ್ಡ್ ಕೇಳಲ್ಲ. ಯಾವತ್ತೂ.

ಎಲ್ಲಕ್ಕಿಂತ ಮಸ್ತ್ ಅಂದ್ರೆ ದೀಪ. ಯಾರಾದ್ರೂ ಕೇಳ್ತಾ ಇದ್ರೆ ಅವರ ಹೆಸರ ಪಕ್ಕ ಹಸಿರು ಸಿಗ್ನಲ್ ದೀಪ. ನಿಲ್ಲಿಸಿದ್ರೆ ಕೆಂಪು. ಜನ ತಮ್ಮ ತಮ್ಮ ಫೋನಿಗೆ ಕಂಪ್ಯೂಟರಿಗೆ ಹೆಸರಿಡೋ ಹಾಗೂ ಮಾಡಿದೀನಿ. ಒಬ್ಬ ತನ್ನ ಫೋನಿಗೆ 'ಎರಡನೇ ಹೆಂಡತಿ' ಅಂತ ಇಟ್ಟಿದಾನೆ. ಮೊದಲನೆಯವಳು ನೋಡಿದ್ರೆ ಇದೆ ಅವನಿಗೆ.

ಜೂನ್ 7, ಶುಕ್ರವಾರ. ಸಂಜೆ, ಮನೆ, ಅಮ್ಮನ ಹೊಲಿಗೆ ಮಿಷಿನ್ ಪಕ್ಕ

ಹೊಸ ಕಂತು ಬಂದ ತಕ್ಷಣ ಒಂದೊಂದೇ ದೀಪ ಹಸಿರಾಯ್ತು. ನಾನು ಕಂತು ಕೇಳಲೇ ಇಲ್ಲ, ದೀಪಗಳನ್ನೇ ನೋಡ್ತಾ ಕೂತೆ. ಗೂಬೆ ಬಂದ. ಚಟ್ನಿ ಬಂದ್ಲು. ಹೆಡ್‌ಮೇಷ್ಟ್ರು ಕೊನೇ ಎರಡು ನಿಮಿಷ ಹಿಂದಕ್ಕೆ ಹಾಕಿ ಹಾಕಿ ಮೂರು ಸಲ ಕೇಳಿದ್ರು, ಆಮೇಲೆ ಗ್ರೂಪಿಗೆ ಬಂದು ಅಂಥಾದ್ದೇನಿಲ್ಲ ಸುಮಾರಾಗಿದೆ ಅಂದ್ರು. ಸರ್ವರ್ ನನ್ನ ಕೈಲಿರೋದ್ರಿಂದ, ಸುಳ್ಳು ಹೇಳ್ತಿದಾರೆ ಅಂತ ಗೊತ್ತಿರೋಳು ನಾನೊಬ್ಬಳೇ. ಎಂಥಾ ಪವರ್ ಇದು.

ಗುಬ್ಬಿ ಅಕ್ಕ ಮಾತ್ರ ಶುಕ್ರವಾರ ಬರಲ್ಲ. ವಾರದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವರ ದೀಪ ಹಸಿರಾಗುತ್ತೆ. ಯಾವುದೋ ತರಬೇತಿ ಕೇಂದ್ರದಲ್ಲಿ ಲೆಕ್ಕಪತ್ರದ ಕೋರ್ಸು ಮಾಡ್ತಿದಾರೆ, ಅಲ್ಲೇ ಹಾಸ್ಟೆಲ್. ಅವರ ಹತ್ರ ಫೋನಿಲ್ಲ, ಯಾಕಿಲ್ಲ ಅಂತ ಹೇಳಲ್ಲ. ಕಂಪ್ಯೂಟರಿಗೆ ಇಟ್ಟಿರೋ ಹೆಸರು 'ತರಬೇತಿ ಕೇಂದ್ರದ ಮೂಲೆ'. ಕಣ್ಣು ಸ್ವಲ್ಪ ಮಂಜು, ಅದಕ್ಕೆ ಅಕ್ಷರ ಯಾವಾಗ್ಲೂ ಎಲ್ಲಕ್ಕಿಂತ ದೊಡ್ಡದು. ನಮ್ಮ ಅಂಗಡಿಗೆ ಬನ್ನಿ ಡಿಸ್ಕೌಂಟ್ ಕೊಡಿಸ್ತೀನಿ ಅಂತ ಅಡ್ರೆಸ್ಸು, ಫೋನ್ ನಂಬರು ಎಲ್ಲಾ ಸೈಟಿನ ಮೆಸೇಜ್ ಪೆಟ್ಟಿಗೆಗೇ ಹಾಕಿದೀನಿ. ಬರ್ತೀನಿ ಮರಿ ಅಂತ ಉತ್ತರ ಬಂತು. ನನಗೆ ಮರಿ ಅನ್ನೋದು ಅವರೊಬ್ಬರೇ.

ಅಣ್ಣ ನಿನ್ನೆ ಚಾಟಲ್ಲಿ ಕೊನೆಗೆ ಕಾಣಿಸಿದ ಹೊತ್ತಿಗೇ ಅವನ ಕೊರಿಯರ್ ಆಫೀಸಿನ ಆ ಹುಡುಗೀನೂ ಕಾಣಿಸಿದಾಳೆ. ಮೊನ್ನೆನೂ ಹಾಗೇ. ಟ್ಯಾಲಿ ಆಗ್ತಾ ಇದೆ. ಅವನಿಗೆ ಹೇಳಿದ್ದಕ್ಕೆ ನೀನು ತಂಗಿನಾ ಇಲ್ಲಾ ಸಿಸಿಟಿವಿನಾ ಅಂದ.

ಜೂನ್ 11, ಮಂಗಳವಾರ. ಮಧ್ಯಾಹ್ನ, ಅಂಗಡಿ

ಗುಬ್ಬಿ ಅಕ್ಕನಿಂದ ಕಂಪ್ಲೇಂಟ್. ದೊಡ್ಡದು ಮಾಡಿಟ್ಟ ಅಕ್ಷರ ಮತ್ತೆ ಬಂದು ನೋಡಿದ್ರೆ ಸಣ್ಣದಾಗಿರುತ್ತಂತೆ. ನಿನ್ನೆನೂ ಆಯ್ತಂತೆ. ನನ್ನ ಕಣ್ಣು ಇನ್ನೂ ಹಾಳಾಯ್ತಾ ಇಲ್ಲಾ ನಿನ್ನ ಸೈಟು ಹಾಳಾಯ್ತಾ ಮರಿ ಅಂತ ಕೇಳಿದಾರೆ.

ಬೇರೆ ಯಾರಿಗೂ ಹೀಗಾಗ್ತಿಲ್ಲ. ನನ್ನ ಫೋನಲ್ಲಿ ಹತ್ತು ಸಲ ದೊಡ್ಡದು ಮಾಡಿ ನೋಡ್ದೆ, ಹಾಗೇ ಇದೆ. ನನ್ನ ಕೋಡ್ ನೋಡಿ ಯಾರೋ ನಗ್ತಿರೋ ಹಾಗೆ ಅನ್ನಿಸ್ತಿದೆ. ಹುಡುಕೇ ಹುಡುಕ್ತೀನಿ.

ಜೂನ್ 13, ಗುರುವಾರ. ಸಂಜೆ

ಕಂಡುಹಿಡಿದೆ. ಬೆಳಿಗ್ಗೆ ಬಸ್ಸಲ್ಲಿ ಗುಬ್ಬಿ ಅಕ್ಕನ ಖಾತೆಯ ಚಟುವಟಿಕೆ ತೆಗೆದು ನೋಡ್ದೆ. ಎರಡು ಕಂಪ್ಯೂಟರಿದೆ. 'ತರಬೇತಿ ಕೇಂದ್ರದ ಮೂಲೆ'ಯಲ್ಲಿ ಅಕ್ಷರ ದೊಡ್ಡದಾಗುತ್ತೆ, ಇನ್ನೊಂದರಲ್ಲಿ ಸಣ್ಣದಾಗುತ್ತೆ. ಸೆಟ್ಟಿಂಗ್ ಎರಡಕ್ಕೂ ಒಂದೇ ಕಡೆ ಇರೋದ್ರಿಂದ ಕೊನೆಗೆ ಯಾವುದರಲ್ಲಿ ಬದಲಾಯಿಸ್ತಾರೋ ಅದೇ ನಿಲ್ಲುತ್ತೆ. ಇಷ್ಟೇ.

ಖುಷಿಯಲ್ಲಿ ತಕ್ಷಣ ಮೆಸೇಜ್ ಹಾಕಿದೆ. ಅಕ್ಕ, ತಪ್ಪು ಸೈಟಿಂದಲ್ಲ ನಿಮ್ಮದೇ, 'ಮನೆ' ಅಂತ ಹೆಸರಿಟ್ಟಿದೀರಲ್ಲ ಆ ಕಂಪ್ಯೂಟರಲ್ಲಿ ಕೂತಾಗ ನೀವೇ ಸಣ್ಣದು ಮಾಡ್ತಿದೀರ ಅಂತ. ಜೊತೆಗೆ ನಗೋ ಮುಖ ಬೇರೆ.

ಮಧ್ಯಾಹ್ನ ಅವರ ದೀಪ ಹಸಿರಾಯ್ತು. ಸ್ವಲ್ಪ ಹೊತ್ತಿಗೆ ಕೆಂಪಾಯ್ತು. ಆಮೇಲೆ ಉತ್ತರ ಬಂತು.

"ನಾನು ಯಾವುದಕ್ಕೂ ಮನೆ ಅಂತ ಹೆಸರಿಟ್ಟಿಲ್ಲ ಮರಿ. ಆ ಮನೆ ಬಿಟ್ಟು ಬಂದಿದೀನಿ."

ಅಷ್ಟೇ. ಮತ್ತೇನೂ ಬರಲಿಲ್ಲ. ಹೆಸರು ಕೇಳೋ ಪೆಟ್ಟಿಗೆ ಬರೋದು ಹೊಸ ಗೇಟ್‌ಮನೆ ಬಂದ ಮೇಲೆ. ಅಂದ್ರೆ ಅವರು ಬಿಟ್ಟು ಬಂದ ಮೇಲೆ ಆ ಕಂಪ್ಯೂಟರ್ ಮುಂದೆ ಯಾರೋ ಕೂತು, ನಾನು ಕೇಳಿದ ಪ್ರಶ್ನೆಗೆ ನಿಧಾನಕ್ಕೆ 'ಮನೆ' ಅಂತ ಟೈಪ್ ಮಾಡಿದಾರೆ.

ಈಗ ಬರೀವಾಗ ಹೊಳೀತು. ಆ ಉತ್ತರ ಬಂದಿರೋದು ಅದೇ ಖಾತೆಯ ಮೆಸೇಜ್ ಪೆಟ್ಟಿಗೆಯಲ್ಲಿ. ಆ 'ಮನೆ'ಯವರೂ ಓದಿರ್ತಾರೆ.

ಜೂನ್ 14, ಶುಕ್ರವಾರ. ಮನೆ

ಅಂಗಡಿ ಫೋನಿಗೆ ಕರೆ ಬಂತು. ಯಜಮಾನ್ರು ಎತ್ತಿ ಯಾರೋ ಡಾಕ್ಟರ್ ಬೇಕಂತೆ ಅಂತ ನನ್ನ ಕೈಗೆ ಕೊಟ್ಟು ನಕ್ಕರು.

"ಡಾಕ್ಟ್ರೇ, ನಾನು ಗುಬ್ಬಿ."

ಕನ್ನಡಕ ಕೊಡೋರು ಡಾಕ್ಟ್ರೇ ತಾನೆ ಅಂದ್ರು. ತಮಾಷೆ ಮಾಡ್ತಿದ್ರು, ಆದ್ರೆ ಉಸಿರು ಓಡಿ ಬಂದವರ ಥರ ಇತ್ತು. ಕೇಂದ್ರದ ಆಫೀಸ್ ಫೋನಿಂದ ಮಾಡ್ತಿದೀನಿ, ಇನ್ನು ಮೇಲೆ ಸೈಟಲ್ಲಿ ಏನೂ ಬರೀಬೇಡ ಅಂದ್ರು. ನಾನು ಕನ್ನಡಕದ ಗಿರಾಕಿ ಜೊತೆ ಮಾತಾಡೋ ಹಾಗೆ ಪವರ್ ಎಷ್ಟು ಮೇಡಂ, ಫ್ರೇಮ್ ಯಾವುದು ಮೇಡಂ ಅಂತ ನಡುನಡುವೆ ಹೇಳ್ತಿದ್ದೆ. ಅವರು ನಡೆದದ್ದು ಹೇಳಿದ್ರು.

ಗಂಡ. ಹೊಡೆಯೋದು ಕಮ್ಮಿ, ನೋಡೋದು ಜಾಸ್ತಿ. ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ, ಅಂಗಡಿಯಿಂದ ಬರೋಕೆ ಇಷ್ಟು ಹೊತ್ತು ಯಾಕೆ. ಫೋನ್ ದಿನಾ ಚೆಕ್ ಮಾಡೋನಂತೆ. ಅದಕ್ಕೇ ಬರೋವಾಗ ಫೋನ್ ಅಲ್ಲೇ ಬಿಟ್ಟು ಬಂದಿದ್ದು. ಒಂದು ಸಲ ಹೊರಟು ಸಿಕ್ಕಿಹಾಕ್ಕೊಂಡಾಗ ಕೈ ಮುರೀತು. ಪೊಲೀಸರ ಹತ್ರ ಹೋದ್ರೆ ಸಂಸಾರದ ಮಾತು ಸಂಸಾರದಲ್ಲೇ ಇರಲಿ ಅಂತ ವಾಪಸ್ ಕಳಿಸಿದ್ರು. ಅವನು ಆಫೀಸಿಗೆ ಹೋದಾಗ ಆ ಮನೆ ಕಂಪ್ಯೂಟರಲ್ಲಿ 'ಹದಿಮೂರನೇ ಗೇಟು' ಕೇಳೋದೊಂದೇ ಅವರಿಗಿದ್ದ ಕಿಟಕಿ. ಹೊರಟು ಬಂದ ದಿನ ಲಾಗೌಟ್ ಮಾಡೋದು ಮರೆತರು.

ಹಳೇ ಗೇಟ್‌ಮನೆ ಆಗಿದ್ರೆ ಆ ಕಂಪ್ಯೂಟರಲ್ಲಿ ಹಳೇ ಕಂತಿನ ಗುರುತು ಬಿಟ್ಟು ಬೇರೇನೂ ಕಾಣ್ತಿರಲಿಲ್ಲ. ಅವರು ಬಿಟ್ಟು ಬಂದ ದಿನದಲ್ಲೇ ನಿಂತು ಹೋಗಿರ್ತಿತ್ತು. ನಾನು ಎಲ್ಲಾ ಸರ್ವರಿಗೆ ತಂದೆ. ಬಾಗಿಲು ಯಾವತ್ತೂ ಹಾಕ್ಕೊಳ್ಳದ ಹಾಗೆ ಮಾಡಿದೆ. ದೀಪ ಹಚ್ಚಿದೆ.

ಈಗಲೇ ಆ ಕಂಪ್ಯೂಟರನ್ನ ಹೊರಗೆ ಹಾಕ್ತೀನಿ ಅಂದೆ. ಬೇಡ ಅಂದ್ರು.

"ನಾನು ಕಾಣಿಸ್ತಾ ಇರೋವರೆಗೆ ಅವನು ಕುರ್ಚಿ ಬಿಟ್ಟು ಏಳಲ್ಲ. ಕಾಣೆಯಾದ್ರೆ ಬೀದಿಗಿಳೀತಾನೆ. ನನಗೆ ಅವನು ಗೊತ್ತು."

ಇವತ್ತು ಶುಕ್ರವಾರ. ಕಂತು ಬಂದಿರುತ್ತೆ. ನೋಡಲಿಲ್ಲ.

ಜೂನ್ 15, ಶನಿವಾರ. ಮನೆ

ಹೆಡ್‌ಮೇಷ್ಟ್ರಿಗೆ ಎಲ್ಲಾ ಹೇಳಿದೆ. ಬೈತಾರೆ ಅನ್ಕೊಂಡೆ, ಬೈಲಿಲ್ಲ. ಕಾಗುಣಿತ ತಪ್ಪೂ ಹಿಡೀಲಿಲ್ಲ. ಅದೇ ಜಾಸ್ತಿ ಭಯ ಆಯ್ತು. ಅವಳು ಸೇಫ್ ಆದ ದಿನ ಎಲ್ಲಾ ಕಿತ್ತು ಹಾಕೋಣ, ಅಲ್ಲಿವರೆಗೆ ಒಂದು ಕಡ್ಡಿನೂ ಅಲ್ಲಾಡಿಸ್ಬೇಡ ಅಂದ್ರು.

ಅಮ್ಮ ಆಸ್ಪತ್ರೆ ಯೂನಿಫಾರ್ಮಿಗೆ ಕಾಲರ್ ಹೊಲೀತಿದ್ಲು. ಏನಾಗಿದೆ ನಿನಗೆ ಊಟನೂ ಸರಿಯಾಗಿ ಮಾಡ್ತಿಲ್ಲ ಅಂದ್ಲು. ಹೆಸರು ಹೇಳದೆ ಹೇಳಿದೆ. ಲಾಗಿನ್ ಅಂದ್ರೇನು ಅಂತ ಕೇಳಿದ್ಲು. ಸೈಟು ನಮ್ಮ ಕೈಗೆ ಕೊಡೋ ಒಂದು ಚೀಟಿ ಅಮ್ಮಾ, ಮುಂದಿನ ಸಲ ತೋರಿಸಿದ್ರೆ ಹೆಸರು ಕೇಳದೆ ಒಳಗೆ ಬಿಡ್ತಾರೆ, ನಾನು ಆ ಚೀಟಿಗೆ ಕೊನೇ ತಾರೀಖೇ ಹಾಕಿರಲಿಲ್ಲ ಅಂದೆ. ಅವಳು ದಾರ ಕಚ್ಚಿ ಕತ್ತರಿಸಿ, ಚೀಟಿ ಹಾಳಾಗ್ಲಿ, ಆ ದೀಪ ಬೇಕು ಅಂತ ಯಾರು ಕೇಳಿದ್ರು ಅಂದ್ಲು.

ಯಾರೂ ಕೇಳಿರಲಿಲ್ಲ. ಹಾಕಿದ ಮೇಲೆ ಎಲ್ಲರೂ ಸೂಪರ್ ಅಂದಿದ್ರು.

ಜೂನ್ 17, ಸೋಮವಾರ

ಅವನು ಬಂದಿದ್ದ.

ಮೊದಲು ಗೊತ್ತಾಗಲಿಲ್ಲ. ಇಸ್ತ್ರಿ ಮಾಡಿದ ಶರ್ಟು, ಮೆಲ್ಲಗೆ ಮಾತು. ಕಣ್ಣು ಟೆಸ್ಟ್ ಮಾಡಿಸ್ಬೇಕು ಅಂದ. ಕುರ್ಚಿ ಮೇಲೆ ಕೂರಿಸಿ ಗೋಡೆ ಬೋರ್ಡಿನ ಅಕ್ಷರ ಓದೋಕೆ ಹೇಳಿದೆ. ಮೇಲಿನ ಸಾಲು ಓದಲಿಲ್ಲ. ನೇರ ಕೊನೇ ಸಾಲು ಓದಿದ, ಒಂದೂ ತಪ್ಪಿಲ್ಲದೆ. ಆಮೇಲೆ ನನ್ನ ಕಡೆ ತಿರುಗಿದ.

"ಇದಕ್ಕಿಂತ ಸಣ್ಣದು ಇಲ್ವಾ?"

ಆಗ ಗೊತ್ತಾಯ್ತು. ಕೈಲಿದ್ದ ಲೆನ್ಸ್ ಪೆಟ್ಟಿಗೆ ಕೆಳಗಿಟ್ಟೆ, ಇಲ್ಲಾಂದ್ರೆ ಬೀಳಿಸ್ತಿದ್ದೆ. ನಿಮ್ಮ ಕಣ್ಣು ಚೆನ್ನಾಗಿದೆ ಸಾರ್, ಕನ್ನಡಕ ಬೇಡ ಅಂದೆ. ನನಗಲ್ಲ ಹೆಂಡತಿಗೆ, ಅವಳಿಗೆ ದೊಡ್ಡ ಅಕ್ಷರಾನೇ ಬೇಕು, ಇಲ್ಲೇ ಮಾಡಿಸ್ತೀನಿ ಅಂದಿದ್ಲು, ಆರ್ಡರ್ ಕೊಟ್ಟಿದ್ರೆ ಯಾವ ಅಡ್ರೆಸ್ ಬರೆಸಿದಾಳೆ ನೋಡಿ ಹೇಳ್ತೀರಾ ಅಂತ ಕೇಳಿದ. ಅಂಥ ಆರ್ಡರ್ ಯಾವುದೂ ಬಂದಿಲ್ಲ ಅಂದೆ. ನೋಡದೇ ಹೇಳ್ತಿದೀರಲ್ಲ ಅಂದ. ನಗ್ತಾನೇ ಇದ್ದ. ಇಲ್ಲಿ ಕೆಲಸ ಮಾಡೋ ಹುಡುಗಿ ನೀವೊಬ್ರೇನಾ ಅಂತ ಕೇಳಿದ. ಇಲ್ಲ, ಮೂರು ಜನ ಇದೀವಿ, ಇಬ್ಬರು ಊಟಕ್ಕೆ ಹೋಗಿದಾರೆ ಅಂದೆ. ಯಜಮಾನ್ರು ಪೇಪರಿಂದ ತಲೆ ಎತ್ತಿ ನನ್ನನ್ನ ನೋಡಿದ್ರು, ದೇವರ ದಯೆ, ಏನೂ ಅನ್ನಲಿಲ್ಲ.

ಬಾಗಿಲ ಹತ್ರ ನಿಂತು ಇನ್ನೊಂದು ಸಲ ಬರ್ತೀನಿ ಅಂದು ಹೋದ.

ಅಂಗಡಿ ಅಡ್ರೆಸ್ ಅವನಿಗೆ ಕೊಟ್ಟಿದ್ದು ನಾನೇ. ಡಿಸ್ಕೌಂಟ್ ಕೊಡಿಸ್ತೀನಿ ಅಂತ.

ಬಸ್ಸಲ್ಲಿ ಎರಡು ಸ್ಟಾಪ್ ಮುಂಚೆ ಇಳಿದು ನಡ್ಕೊಂಡು ಬಂದೆ. ಹಿಂದೆ ಯಾರೂ ಇರಲಿಲ್ಲ ಅನ್ಸುತ್ತೆ.

ಜೂನ್ 18, ಮಂಗಳವಾರ

ಮತ್ತೆ ಅಂಗಡಿಗೆ ಗುಬ್ಬಿ ಅಕ್ಕನ ಫೋನು. ಯಾರೋ ಬ್ಯಾಂಕಿನವರ ಹೆಸರಲ್ಲಿ ಕೇಂದ್ರಕ್ಕೆ ಫೋನ್ ಮಾಡಿ, ಇಂಥ ಹೆಸರಿನವರು ನಿಮ್ಮಲ್ಲಿ ಓದ್ತಿದಾರಾ ಅಂತ ಕೇಳಿದಾರೆ. ಆಫೀಸಿನವರು ಹೇಳೋಕಾಗಲ್ಲ ಅಂದಿದಾರೆ. ಇಲ್ಲ ಅಂದಿಲ್ಲ, ಹೇಳೋಕಾಗಲ್ಲ ಅಂದಿದಾರೆ. ಅವನಿಗೆ ಅಷ್ಟು ಸಾಕು. ಅಂಥ ಕೇಂದ್ರ ಎಷ್ಟಿರುತ್ತೆ, ಒಂದೊಂದಕ್ಕೇ ಫೋನ್ ಮಾಡ್ತಾ ಬಂದಿರ್ತಾನೆ.

ಹಾಸ್ಟೆಲ್ ವಾರ್ಡನ್ ಗಟ್ಟಿ ಹೆಂಗಸಂತೆ. ಬೇರೆ ಊರಲ್ಲಿ ಇನ್ನೊಂದು ಹಾಸ್ಟೆಲ್ ಮಾತಾಡಿದಾರೆ. ಗುರುವಾರ ಮಧ್ಯಾಹ್ನ ಹೊರಡೋದು. ಯಾವ ಊರು ಅಂತ ಗುಬ್ಬಿ ಅಕ್ಕ ಹೇಳೋಕೆ ಬಂದ್ರು, ಬೇಡ ಹೇಳ್ಬೇಡಿ ಅಂದೆ.

ಅವರು ಕೇಳಿದ್ದು ಒಂದೇ. ಹೊರಡೋ ಹೊತ್ತಿಗೆ ದೀಪ ಹಸಿರಾಗೇ ಇರಬೇಕು. ದಿನಾ ಊಟದ ಹೊತ್ತಿಗೆ ಕೇಳೋರು ಅವತ್ತು ಕೇಳದಿದ್ರೆ ಅವನು ಎದ್ದು ಬರ್ತಾನೆ. ಪಾಸ್‌ವರ್ಡ್ ಹೇಳಿದ್ರು. ಬಸ್ ಹೊರಟ ಮೇಲೆ ವಾರ್ಡನ್ ಒಂದು ಮಿಸ್ಡ್ ಕಾಲ್ ಕೊಡ್ತಾರೆ, ಆಮೇಲೆ ಯಾರೂ ಯಾರಿಗೂ ಫೋನ್ ಮಾಡೋ ಹಾಗಿಲ್ಲ. ಅಂಗಡಿ ಫೋನ್ ಬೇಡ ಅಂತ ಅಮ್ಮನ ನಂಬರ್ ಕೊಟ್ಟೆ.

"ಭಯ ಆಗ್ತಿದೆಯಾ ಡಾಕ್ಟ್ರೇ?"

ಇಲ್ಲ ಅಂದೆ. ನನಗೂ ಇಲ್ಲ ಅಂದ್ರು.

ಹೋದ ವಾರ ಅವರು ಫೋನಲ್ಲಿ ಹೇಳಿದ ಕೇಂದ್ರದ ದಾರಿ ಈ ಪುಸ್ತಕದಲ್ಲಿ ಬರೆದಿದ್ದೆ, ಮುಂದೆ ಕನ್ನಡಕ ಮಾಡಿಸಿದ್ರೆ ನಾನೇ ಕೊಟ್ಟು ಬರೋಣ ಅಂತ. ಆ ಹಾಳೆ ಹರಿದು ಒಲೆಗೆ ಹಾಕಿದೆ. ಪುಸ್ತಕ ಅಮ್ಮನ ಬಟ್ಟೆ ತುಂಡುಗಳ ಚೀಲದ ಅಡಿಗೆ.

ಜೂನ್ 20, ಗುರುವಾರ

ಅಂಗಡಿಗೆ ರಜ ಹಾಕಿದೆ. ಹೊಟ್ಟೆನೋವು ಅಂದೆ.

ಅಣ್ಣನದೂ ನನ್ನದೂ ಲ್ಯಾಪ್‌ಟಾಪ್ ಒಂದೇ. ಗುಬ್ಬಿ ಅಕ್ಕನ ಖಾತೆಗೆ ಹೋಗಿ ಅದಕ್ಕೂ 'ತರಬೇತಿ ಕೇಂದ್ರದ ಮೂಲೆ' ಅಂತಲೇ ಹೆಸರಿಟ್ಟೆ. ಹೆಸರು ನಾವು ಬರೆದದ್ದೇ ಸೈ, ಸೈಟು ಹೋಗಿ ಯಾವ ಮೂಲೆ ಅಂತ ನೋಡಿ ಬರಲ್ಲ. ಅವರು ದಿನಾ ಕೇಳೋ ಹೊತ್ತಿಗೆ ಕಂತು ಶುರು ಮಾಡಿದೆ. ಗುಬ್ಬಿ ಅಕ್ಕ ಅಮ್ಮನ ಮಿಷಿನ್ ಪಕ್ಕ ಹಸಿರಾಗಿ ಕೂತ್ಕೊಂಡ್ರು.

ಅಕ್ಷರ ದೊಡ್ಡದು ಮಾಡಿದೆ. ಕಾದೆ. ಸಣ್ಣದಾಯ್ತು.

ನಾನು ಮುಟ್ಟಿಲ್ಲ, ನನ್ನ ಕಣ್ಣೆದುರೇ ಕುಗ್ಗಿ ಹೋಯ್ತು, ಕತ್ತು ಹಿಸುಕಿದ ಹಾಗೆ. ಮೊದಲು ಓದೋಕೆ ಅಂತ ಮಾಡ್ತಿದ್ನೋ ಏನೋ, ಈಗ ಓದೋಕಲ್ಲ. ನಾನಿಲ್ಲೇ ಇದೀನಿ ಅಂತ ಅವಳಿಗೆ ಹೇಳ್ತಿದಾನೆ. ಪಟ್ಟಿಯಲ್ಲಿ 'ಮನೆ' ಹಸಿರು.

ಆಗ ತಲೆಗೆ ಬಂತು. ಸಣ್ಣದಾಗ್ತಿದೆ ಅಂದ್ರೆ ಅವನು ಮನೆಯಲ್ಲಿದಾನೆ. ಆ ಕುರ್ಚಿ ಮೇಲೆ. ಬಸ್ ಸ್ಟ್ಯಾಂಡಲ್ಲಿಲ್ಲ, ಕೇಂದ್ರದ ಗೇಟಲ್ಲಿಲ್ಲ.

ಮತ್ತೆ ದೊಡ್ಡದು ಮಾಡಿದೆ. ಸಣ್ಣದಾಯ್ತು. ದೊಡ್ಡದು. ಸಣ್ಣದು. ಬೇಗ ಬೇಗ ಮಾಡಿದ್ರೆ ಅನುಮಾನ ಬರುತ್ತೆ ಅಂತ ತಡೆದು ತಡೆದು ಮಾಡಿದೆ, ಕಣ್ಣು ಮಂಜಿರೋ ಒಬ್ಬರು ಬೇಜಾರಲ್ಲಿ ಮತ್ತೆ ಮತ್ತೆ ಸರಿ ಮಾಡ್ಕೊಳ್ಳೋ ಹಾಗೆ. ಪ್ರತಿ ಸಲ ಸಣ್ಣದಾದಾಗ್ಲೂ ಹೆದರಿಕೆ, ಆಗೋಕೆ ಸ್ವಲ್ಪ ತಡವಾದ್ರೆ ಇನ್ನೂ ಹೆದರಿಕೆ. ಸಣ್ಣ ಮಾಡಪ್ಪಾ, ಸಣ್ಣ ಮಾಡು ಅಂತ ನಾನೇ ಬೇಡ್ಕೊಳ್ತಿದ್ದೆ.

ಅಣ್ಣ ಶಿಫ್ಟ್ ಮುಗಿಸಿ ಬಂದು ಲ್ಯಾಪ್‌ಟಾಪ್ ಕೇಳಿದ. ಕೊಡಲ್ಲ ಅಂದೆ. ಏನೇ ಸ್ಟೇಷನ್ ಮಾಸ್ಟ್ರೇ ಯಾವ ರೈಲಪ್ಪಾ ಅಂತ ಶುರು ಮಾಡಿದವನು ನನ್ನ ಮುಖ ನೋಡಿ ಸುಮ್ಮನಾದ. ಎದುರಿಗೆ ನೆಲದ ಮೇಲೆ ಕೂತ. ಅಮ್ಮನ ಫೋನಿಗೆ ಒಂದು ಮಿಸ್ಡ್ ಕಾಲ್ ಬರುತ್ತೆ, ಯಾರೂ ಎತ್ತೋ ಹಾಗಿಲ್ಲ ಅಂದೆ. ಅಮ್ಮನೂ ಮಿಷಿನ್ ನಿಲ್ಲಿಸಿ, ಫೋನ್ ತಂದು ನಮ್ಮ ಮಧ್ಯೆ ಇಟ್ಟಳು.

ಆಮೇಲೆ ದೊಡ್ಡದು ಮಾಡಿದೆ. ದೊಡ್ಡದಾಗೇ ಇತ್ತು.

ಕಾದೆ. ದೊಡ್ಡದಾಗೇ ಇತ್ತು. ಒಂದು ಮಟ್ಟ ಕೆಳಗಿಳಿಸಿ ಮತ್ತೆ ಏರಿಸಿದೆ. ಯಾರೂ ಮುಟ್ಟಲಿಲ್ಲ. 'ಮನೆ' ಕೆಂಪಾಯ್ತು.

ಫೋನ್ ಬಂದಿರಲಿಲ್ಲ. ಗೇಟಿನ ಮುದುಕ ನನ್ನ ಕಿವಿಯಲ್ಲಿ ಲಾಟೀನು ಹಿಡ್ಕೊಂಡು ಏನೋ ಹೇಳ್ತಾನೇ ಇದ್ದ. ಒಂದು ಮಾತೂ ಒಳಗೆ ಹೋಗಲಿಲ್ಲ. ನಮ್ಮೆದುರು ಅಷ್ಟು ದೊಡ್ಡ ಅಕ್ಷರ, ಮೂವರೂ ಅದನ್ನೇ ನೋಡ್ತಾ ಕೂತಿದ್ವಿ. ಒಂದು ಸಲ ಕುಗ್ಗಿದ್ರೆ ಸಾಕಿತ್ತು.

ಕಂತು ಮುಗೀತು. ಮತ್ತೆ ಮೊದಲಿಂದ ಹಾಕಿದೆ.

ಎಷ್ಟೋ ಹೊತ್ತಾದ ಮೇಲೆ ಅಮ್ಮನ ಫೋನು ಒಂದು ಸಲ ಹೊಡ್ಕೊಂಡು ನಿಂತಿತು. ಗೊತ್ತಿಲ್ಲದ ನಂಬರು. ಅಮ್ಮ ಎತ್ತೋಕೆ ಕೈ ಚಾಚಿದ್ಲು, ಅಣ್ಣ ಹಿಡ್ಕೊಂಡ.

ವಾರ್ಡನ್ನೇ ಇರಬೇಕು. ರಾಂಗ್ ನಂಬರೂ ಇರಬಹುದು. ಕೇಳೋ ಹಾಗಿಲ್ಲ.

ಜೂನ್ 21, ಶುಕ್ರವಾರ

ಅಂಗಡಿಗೆ ಹೋದೆ. ಎದುರಿನ ಪಾತ್ರೆ ಅಂಗಡಿ ಕಟ್ಟೆ ಮೇಲೆ ಕೂತಿದಾನೆ. ಅದೇ ಥರ ಇಸ್ತ್ರಿ ಶರ್ಟು. ನನ್ನನ್ನೇ ನೋಡ್ತಾನೆ.

ಇಲ್ಲಿದಾನೆ ಅಂದ್ರೆ ಅಲ್ಲಿಲ್ಲ.

ಜೂನ್ 23, ಭಾನುವಾರ

ಕಿತ್ತು ಹಾಕಿದ್ವಿ. ಹೆಡ್‌ಮೇಷ್ಟ್ರೂ ನಾನೂ ಬೆಳಿಗ್ಗೆಯಿಂದ ಕೂತ್ವಿ. ದೀಪ ಹೋಯ್ತು. ಹೆಸರಿಡೋದು ಹೋಯ್ತು. ಮೆಸೇಜ್ ಪೆಟ್ಟಿಗೆ ಹೋಯ್ತು. ಖಾತೆಗಳೇ ಹೋದ್ವು. ಎಲ್ಲಿವರೆಗೆ ಕೇಳಿದ್ರಿ, ಅಕ್ಷರ ಎಷ್ಟು, ಬಣ್ಣ ಯಾವುದು, ಎಲ್ಲಾ ಮೊದಲಿನ ಹಾಗೆ ನಿಮ್ಮ ನಿಮ್ಮ ಬ್ರೌಸರಲ್ಲೇ. ಅಳಿಸೋ ಬಟನ್ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ. ಕಳೆದ್ರೆ ಕಳೀತು. ಸರ್ವರಲ್ಲಿ ಉಳಿದಿದ್ದು ಬರೀ ಕಂತುಗಳು, ಜೊತೆಗೆ ಹೆಸರಿಲ್ಲದೆ ಯಾರು ಬೇಕಾದ್ರೂ ಬರೆದು ಹಾಕೋ 'ತೊಂದರೆ ತಿಳಿಸಿ' ಪೆಟ್ಟಿಗೆ.

ಗ್ರೂಪಲ್ಲಿ ಎಲ್ಲರೂ ಉಗೀತಿದಾರೆ. ಜೀರುಂಡೆ ದೀಪ ಆರಿಸಿಬಿಟ್ಲು ಅಂತ. ಒಬ್ಬ ನನ್ನ ಎರಡನೇ ಹೆಂಡತಿನ ವಾಪಸ್ ಕೊಡಿ ಅಂತಿದಾನೆ. ಕಾರಣ ಹೇಳೋ ಹಾಗಿಲ್ಲ. ಸರ್ವರ್ ಖರ್ಚು ಜಾಸ್ತಿ ಆಯ್ತು ಅಂದೆ. ಹೆಡ್‌ಮೇಷ್ಟ್ರು ಆ ಸುಳ್ಳಿಗೆ ಲೈಕ್ ಒತ್ತಿದ್ರು.

ಕೊನೆಗೆ ಗುಬ್ಬಿ ಅಕ್ಕನ ಹೆಸರು ಅಳಿಸೋವಾಗ ಬೆರಳು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಇದೊಂದು ಹೋದ್ರೆ ಅವರು ಕೇಳ್ತಿದಾರಾ ಇಲ್ವಾ, ಇದಾರಾ ಇಲ್ವಾ, ತಿಳ್ಕೊಳ್ಳೋಕೆ ನನಗೆ ಯಾವ ದಾರಿನೂ ಇರಲ್ಲ. ಅವನಿಗೂ ಇರಲ್ಲ.

ಒತ್ತಿದೆ.

ಜೂನ್, ಗುರುವಾರ

ದಿನಾ ಬರ್ತಾನೆ. ಕಟ್ಟೆ ಮೇಲೆ ಕೂರ್ತಾನೆ, ಎದ್ದು ಹೋಗ್ತಾನೆ. ಯಜಮಾನ್ರಿಗೆ ಹೇಳಿದೀನಿ. ಅವರು ಪೇಪರ್ ತಗೊಂಡು ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಸಂಜೆ ಅಣ್ಣ ಬಂದು ಕರ್ಕೊಂಡು ಹೋಗ್ತಾನೆ, ಬೇರೆ ಬೇರೆ ದಾರಿಯಲ್ಲಿ.

ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ನಾನು ಮೊದಲು ನೋಡೋದು ಆ ಕಟ್ಟೆ. ಅವನು ಕಂಡ್ರೆ ಸಮಾಧಾನ ಆಗುತ್ತೆ. ಇದನ್ನ ಯಾರಿಗೆ ಹೇಳಲಿ.

ಸೋಮವಾರ

ಇವತ್ತು ಬರಲಿಲ್ಲ.

ಮಂಗಳವಾರ

ಇವತ್ತೂ ಇಲ್ಲ. ಒಬ್ಬ ಅಜ್ಜನಿಗೆ ಬೋರ್ಡ್ ಓದಿಸ್ತಾ ಇದ್ದೆ, ಕೊನೇ ಸಾಲು ತೋರಿಸೋಕೆ ಆಗಲಿಲ್ಲ. ಸಾಕು ತಾತಾ ಇಷ್ಟು ಕಂಡ್ರೆ ಸಾಕು ಅಂದೆ.

ಅಮ್ಮನ ಫೋನಲ್ಲಿರೋ ಆ ನಂಬರ್ ಎರಡು ಸಲ ತೆಗೆದು ನೋಡ್ದೆ. ಆಮೇಲೆ ಅಳಿಸಿದೆ.

ಇನ್ನೊಂದು ಸೋಮವಾರ

ಕಟ್ಟೆ ಖಾಲಿ. ಪಾತ್ರೆ ಅಂಗಡಿಯವರು ಅಲ್ಲಿ ಬಕೆಟ್ ಜೋಡಿಸಿದಾರೆ. ಅವನು ಎಲ್ಲಿ ಹೋದ? ಬೇಜಾರಾಗಿ ಬಿಟ್ನಾ, ಇಲ್ಲಾ ಸಿಕ್ಕಿದ್ಲಾ?

ಮನೆಗೆ ಬಂದಾಗ ಅಣ್ಣ ಸ್ನಾನಕ್ಕೆ ಹೋಗಿದ್ದ. ಫೋನ್ ಮೇಜಿನ ಮೇಲಿತ್ತು, ಮೆಸೇಜ್ ಮೇಲೆ ಮೆಸೇಜ್ ಬರ್ತಿತ್ತು. ಬೋರಲು ಹಾಕಿಟ್ಟು ಹಾಲಿಗೆ ಬಂದೆ.

ಅಮ್ಮ ಊಟಕ್ಕೆ ಕರೀತಿದಾಳೆ.

ಜುಲೈ

ಐದಾರು ಕಂತು ಬಾಕಿ ಇತ್ತು, ಒಟ್ಟಿಗೆ ಕೇಳಿದೆ. ಮುದುಕ ಗೇಟ್ ತೆಗೆದುಬಿಟ್ಟಿದಾನೆ. ಆ ರೈಲು ಬಂತೋ ಬರಲಿಲ್ವೋ ಗೊತ್ತಿಲ್ಲ, ಸದ್ದು ಮಾತ್ರ ಕೇಳಿಸ್ತು. ಬೇರೆಯವರೆಲ್ಲಾ ಎಲ್ಲಿವರೆಗೆ ಕೇಳಿದಾರೋ ಏನೋ.

'ತೊಂದರೆ ತಿಳಿಸಿ' ಪೆಟ್ಟಿಗೆ ತೆಗೆದೆ. ಹಾಡು ಕೇಳಿಸ್ತಿಲ್ಲ, ಬಣ್ಣ ಚೆನ್ನಾಗಿಲ್ಲ, ದೀಪ ಯಾವಾಗ ವಾಪಸ್ ಬರುತ್ತೆ, ಇಂಥವೇ. ಅವುಗಳ ಮಧ್ಯೆ ಒಂದು.

"ಡಾಕ್ಟ್ರೇ, ಅಕ್ಷರ ದೊಡ್ಡದು ಮಾಡಿಟ್ಟೆ. ಹಾಗೇ ಇದೆ."

ಮತ್ತೆ ಓದಿದೆ. ಮರಿ ಅಂತ ಇದ್ದಿದ್ರೆ ನಂಬ್ತಿರಲಿಲ್ಲ, ಮರಿ ಅನ್ನೋದು ಹಳೇ ಮೆಸೇಜುಗಳಲ್ಲಿ ಅವನೂ ಓದಿದಾನೆ. ಡಾಕ್ಟ್ರೇ ಅಂದಿದ್ದು ಫೋನಲ್ಲಿ ಮಾತ್ರ.

ಯಾವಾಗ ಬಂತು, ಎಲ್ಲಿಂದ ಬಂತು ಅಂತ ನೋಡೋಕೆ ಕೈ ತಾನಾಗೇ ಹೋಯ್ತು. ಅಲ್ಲಿ ಏನೂ ಇಲ್ಲ. ತಾರೀಖಿಲ್ಲ, ಊರಿಲ್ಲ, ಹೆಸರಿಲ್ಲ. ಏನೂ ಉಳಿಯದ ಹಾಗೆ ಅದನ್ನ ಬರೆದದ್ದು ನಾನೇ.

ಇನ್ನೊಂದು ಸಲ ಓದಿ ಅಳಿಸಿದೆ.

ಅಮ್ಮ ಮಿಷಿನಿಂದ ತಲೆ ಎತ್ತಿ ಒಬ್ಬಳೇ ಯಾಕೆ ನಗ್ತಿದೀಯೇ ಅಂದ್ಲು. ಏನಿಲ್ಲಮ್ಮಾ ಧಾರಾವಾಹಿ ಅಂದೆ. ಯಾರಿಗೇನಾಯ್ತು ಅಂತ ಕೇಳಿದ್ಲು.

ಗೊತ್ತಿಲ್ಲ, ಆ ಹೊತ್ತಿಗೆ ದೀಪ ಆರಿಸಿದ್ರು ಅಂದೆ.